50 ಮೊಟ್ಟೆಯ ಥರ್ಮಾಕೋಲ್ ಇನ್‌ಕ್ಯುಬೇಟರ್: ಕೊಂಡ ದಿನವೇ ಮೊಟ್ಟೆ ಇಡಬೇಡಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಹಿತ್ತಲಲ್ಲಿ ನಾಟಿ ಕೋಳಿ ಸಾಕುವವರು ಈಗ ಹೆಚ್ಚಾಗಿ ಕೊಳ್ಳುತ್ತಿರುವುದು ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ, ಕಂಪನಿ ಹೆಸರೇ ಇಲ್ಲದ ಬಿಳಿ ಥರ್ಮಾಕೋಲ್ ಡಬ್ಬಿ. 50 ಮೊಟ್ಟೆ ಹಿಡಿಯುತ್ತದೆ ಎಂದು ಹೇಳಿ ಎರಡರಿಂದ ಮೂರು ಸಾವಿರ ರೂಪಾಯಿ ಆಸುಪಾಸಿಗೆ ಮಾರುತ್ತಾರೆ. ಒಳಗಿರುವುದು ನಾಲ್ಕೇ ಸಾಮಾನು: ಡಬ್ಲ್ಯು1209 ಅನ್ನುವ ಪುಟ್ಟ ತಾಪಮಾನ ಬೋರ್ಡು, ಒಂದು 12 ವೋಲ್ಟ್ ಅಡಾಪ್ಟರ್, ಕಂಪ್ಯೂಟರಿನಲ್ಲಿರುವಂಥ ಚಿಕ್ಕ ಫ್ಯಾನು, ಕಾವಿಗೆ ಒಂದು ಬಲ್ಬು. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಕೊಳ್ಳಬಹುದು. ಆದರೆ ಅಂಗಡಿಯಿಂದ ಬಂದ ಹಾಗೇ ಪ್ಲಗ್ ಹಾಕಿ ಮೊಟ್ಟೆ ಜೋಡಿಸಿದರೆ ಕೈಕೊಡುತ್ತದೆ. ಮಷೀನು ಕಾವು ಕೊಡುತ್ತದೆ ಅಷ್ಟೆ. ಆ ಕಾವನ್ನು ಕಾಲು ಡಿಗ್ರಿಯೊಳಗೆ ಹಿಡಿದು ನಿಲ್ಲಿಸುವ ಕೆಲಸವನ್ನು ಕೊಂಡವರೇ ಮಾಡಿಕೊಳ್ಳಬೇಕು. ಎರಡು ದಿನದ ಕೆಲಸ ಅದು. ಆ ಎರಡು ದಿನ ಮೊಟ್ಟೆ ಒಳಗಿರಬಾರದು.

ಮೊದಲು, ಯಾರಿಗೆ ಬೇಕಿಲ್ಲ ಅನ್ನುವುದನ್ನು ಹೇಳಿಬಿಡಬೇಕು. ಮನೆಯಲ್ಲಿ ಐದಾರು ನಾಟಿ ಕೋಳಿ ಇದ್ದು, ಅದರಲ್ಲಿ ಒಂದೆರಡು ಚೆನ್ನಾಗಿ ಕಾವಿಗೆ ಕೂರುವಂಥವಾದರೆ ಮಷೀನು ದಂಡ. ಮಂಕರಿಗೆ ಒಣ ಹುಲ್ಲು ಹಾಸಿ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕೂರಿಸಿದರೆ ಕರೆಂಟೂ ಬೇಡ, ತೇವದ ಲೆಕ್ಕವೂ ಬೇಡ. ಹುಟ್ಟಿದ ಮೇಲೆ ಮರಿಗೆ ಮೇವು ತೋರಿಸುವುದು, ಹದ್ದು ಬಂದರೆ ರೆಕ್ಕೆಯಡಿ ಕರೆದುಕೊಳ್ಳುವುದು ಎಲ್ಲವನ್ನೂ ತಾಯಿಯೇ ಮಾಡುತ್ತದೆ. ಮಷೀನಿನ ಲಾಭ ಬೇರೆ ಕಡೆ ಇದೆ. ಕಾವಿಗೆ ಕೂತ ಕೋಳಿ 21 ದಿನ ಕಾವು, ಆಮೇಲೆ ಎರಡು ತಿಂಗಳು ಮರಿ ಅಂತ ಮೊಟ್ಟೆ ನಿಲ್ಲಿಸಿಬಿಡುತ್ತದೆ. ಮೊಟ್ಟೆಯನ್ನು ಮಷೀನಿಗೆ ಹಾಕಿ ಕೋಳಿಯ ಕಾವು ಬಿಡಿಸಿದರೆ ಅದು ಬೇಗ ಮತ್ತೆ ಇಡಲು ಶುರು ಮಾಡುತ್ತದೆ. ಹದಿನೈದಕ್ಕಿಂತ ಹೆಚ್ಚು ಕೋಳಿ ಇರುವವರಿಗೆ, ಒಂದೇ ವಯಸ್ಸಿನ ಮರಿಗಳ ಗುಂಪು ಬೇಕಾದವರಿಗೆ ಈ ಡಬ್ಬಿ ಕೆಲಸಕ್ಕೆ ಬರುತ್ತದೆ.

ಬೋರ್ಡು: ಮೂರು ಸೆಟ್ಟಿಂಗ್

ಇಡೀ ಮಷೀನಿನ ಜೀವ ಇರುವುದು ಡಬ್ಲ್ಯು1209 ಬೋರ್ಡಿನಲ್ಲಿ. ಇದು ಕೋಳಿ ಮೊಟ್ಟೆಗೆಂದೇ ಮಾಡಿದ್ದಲ್ಲ, ಫ್ರಿಜ್ಜಿನಿಂದ ಹಿಡಿದು ಮೀನಿನ ತೊಟ್ಟಿಯವರೆಗೆ ಎಲ್ಲಕ್ಕೂ ಹಾಕುವ ಬೋರ್ಡು. ಹಾಗಾಗಿ ಫ್ಯಾಕ್ಟರಿಯಿಂದ ಬರುವ ಸೆಟ್ಟಿಂಗ್ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಸೆಟ್ ಗುಂಡಿಯನ್ನು ಐದು ಸೆಕೆಂಡ್ ಒತ್ತಿ ಹಿಡಿದರೆ ಪಿ-0 ಅಂತ ಬರುತ್ತದೆ. ಅದು ‘ಸಿ’ ಇದ್ದರೆ ತಂಪು ಮಾಡುವ ಲೆಕ್ಕ, ‘ಎಚ್’ ಇದ್ದರೆ ಕಾವು ಕೊಡುವ ಲೆಕ್ಕ. ‘ಎಚ್’ ಇರಲೇಬೇಕು. ಮಾರುವವರು ಸಾಮಾನ್ಯವಾಗಿ ಇದನ್ನು ಬದಲಿಸಿ ಕೊಟ್ಟಿರುತ್ತಾರೆ.

ಅವರು ಮುಟ್ಟದೆ ಬಿಡುವುದು ಪಿ-1. ಕಾವು ಎಷ್ಟು ಇಳಿದ ಮೇಲೆ ಬಲ್ಬು ಮತ್ತೆ ಹತ್ತಬೇಕು ಅನ್ನುವ ಅಂತರ ಇದು. ಫ್ಯಾಕ್ಟರಿ ಸೆಟ್ಟಿಂಗ್ 2 ಡಿಗ್ರಿ. ಅಂದರೆ 37.7ಕ್ಕೆ ಆರಿದ ಬಲ್ಬು 35.7ಕ್ಕೆ ಇಳಿಯುವವರೆಗೂ ಹತ್ತುವುದಿಲ್ಲ. ಇಡೀ 21 ದಿನ ಮೊಟ್ಟೆ ಹೀಗೇ ಏರಿಳಿದರೆ ಸರಾಸರಿ ಕಾವು ಒಂದು ಡಿಗ್ರಿಯಷ್ಟು ಕಡಿಮೆಯಾಗಿ, ಮರಿ 22-23ನೇ ದಿನಕ್ಕೆ ಹೊಟ್ಟೆ ಊದಿಕೊಂಡು, ನಿಲ್ಲಲಾರದೆ ಹೊರಬರುತ್ತದೆ. ಪಿ-1 ಅನ್ನು 0.3ಕ್ಕೆ ಇಳಿಸಿ. 0.1ಕ್ಕೆ ಇಳಿಸಿದರೆ ಬಲ್ಬನ್ನು ಹತ್ತಿಸಿ ಆರಿಸುವ ರಿಲೇ ಟಿಕ್ ಟಿಕ್ ಅಂತ ಸದಾ ಬಡಿದುಕೊಂಡು ಬೇಗ ಸವೆಯುತ್ತದೆ.

ಮೂರನೆಯದು ಪಿ-4, ಸೆನ್ಸರ್ ತಪ್ಪು ತೋರಿಸುತ್ತಿದ್ದರೆ ತಿದ್ದುವ ಜಾಗ. ಎಲ್ಲ ಬೋರ್ಡೂ ಸರಿಯಾಗೇ ತೋರಿಸುತ್ತದೆ ಅಂತ ನಂಬುವ ಹಾಗಿಲ್ಲ. ಪರೀಕ್ಷೆಗೆ ಮನೆಯಲ್ಲಿರುವ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರೇ ಸಾಕು. ನಮಗೆ ಬೇಕಾದ 37-38 ಡಿಗ್ರಿಯಲ್ಲೇ ಅದು ತುಂಬ ನಿಖರ. ಒಂದು ದೊಡ್ಡ ಲೋಟದಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಸೆನ್ಸರಿನ ತುದಿಯನ್ನೂ ಥರ್ಮಾಮೀಟರಿನ ತುದಿಯನ್ನೂ ರಬ್ಬರ್ ಬ್ಯಾಂಡಿನಲ್ಲಿ ಸೇರಿಸಿ ಕಟ್ಟಿ ಅದ್ದಿ, ನೀರು ಕಲಕುತ್ತ ಎರಡನ್ನೂ ಓದಿ. ಬೋರ್ಡು 38.2, ಥರ್ಮಾಮೀಟರ್ 37.6 ತೋರಿಸಿದರೆ ಪಿ-4ರಲ್ಲಿ ಮೈನಸ್ 0.6 ಹಾಕಬೇಕು. ಥರ್ಮಾಮೀಟರಿನಲ್ಲಿ ಫ್ಯಾರನ್‌ಹೀಟ್ ಇದ್ದರೆ ನೆನಪಿರಲಿ: 37.7 ಡಿಗ್ರಿ ಅಂದರೆ 99.9. ಇದೊಂದನ್ನು ಮಾಡದೆ ಮೊಟ್ಟೆ ಇಡುವುದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದ ಹಾಗೆ.

ಸೆನ್ಸರ್ ತುದಿ ಮೊಟ್ಟೆಯ ಮೇಲ್ಮೈ ಎತ್ತರದಲ್ಲಿ, ಡಬ್ಬಿಯ ನಡುವೆ ತೂಗಬೇಕು. ಬಲ್ಬಿನ ಎದುರು ಬೇಡ, ಫ್ಯಾನಿನ ಗಾಳಿಗೂ ನೇರವಾಗಿ ಬೇಡ. ಹಲವು ಡಬ್ಬಿಗಳಲ್ಲಿ ಇದನ್ನು ಮುಚ್ಚಳಕ್ಕೇ ಅಂಟಿಸಿರುತ್ತಾರೆ. ಮುಚ್ಚಳದ ಹತ್ತಿರದ ಕಾವಿಗೂ ಮೊಟ್ಟೆಯ ಮಟ್ಟದ ಕಾವಿಗೂ ಒಂದು ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಫ್ಯಾನ್ ಇರುವ ಡಬ್ಬಿಗೆ 37.5ರಿಂದ 37.8 ಡಿಗ್ರಿ ಸರಿ. ಫ್ಯಾನ್ ಇಲ್ಲದ ಅಗ್ಗದ ಡಬ್ಬಿಯಲ್ಲಿ ಮೊಟ್ಟೆಯ ಮೇಲ್ಮೈಯಲ್ಲಿ 38.5ರಿಂದ 39 ಇರಬೇಕು, ಏಕೆಂದರೆ ಅಲ್ಲಿ ಮೊಟ್ಟೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಕಾವು ಬೇರೆ ಬೇರೆ. ಈ ಎರಡು ಲೆಕ್ಕವನ್ನು ಅದಲು ಬದಲು ಮಾಡಿಕೊಂಡವರು ಬಹಳ ಜನ. ಫ್ಯಾನ್ ಇಲ್ಲದ್ದನ್ನು ಕೊಳ್ಳಲೇಬೇಡಿ, ಉಳಿಯುವುದು ನೂರಿನ್ನೂರು ರೂಪಾಯಿ ಅಷ್ಟೆ.

ಬಲ್ಬಿನ ವಿಷಯ. ಡಬ್ಬಿ ಚಿಕ್ಕದು, ಅದರೊಳಗೆ 100 ವ್ಯಾಟ್ ಬಲ್ಬು ಹಾಕಿ ಕೊಟ್ಟಿದ್ದರೆ ತೆಗೆದುಬಿಡಿ. ರಿಲೇ ಆರಿಸಿದ ಮೇಲೂ ಬಿಸಿಯಾದ ಗಾಜು ಕಾವು ಬಿಡುತ್ತಲೇ ಇರುತ್ತದೆ, ತಾಪಮಾನ ಗುರಿ ದಾಟಿ ಹೋಗುತ್ತದೆ. 40 ವ್ಯಾಟಿನ ಎರಡು ಬಲ್ಬು ಒಳ್ಳೆಯದು. ಒಂದು ಸುಟ್ಟುಹೋದರೂ ಇನ್ನೊಂದು ಬೆಳಗಿನವರೆಗೆ ಹಿಡಿದುಕೊಂಡಿರುತ್ತದೆ. ಬೇಸಿಗೆಯಲ್ಲಿ 25 ವ್ಯಾಟಿನವು ಸಾಕು. ಎಲ್‌ಇಡಿ ಬಲ್ಬು ಕಾವು ಕೊಡುವುದಿಲ್ಲ, ತಂತಿಯ ಹಳೇ ಬಲ್ಬೇ ಬೇಕು, ಅದು ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಕ್ಕಾಗ ನಾಲ್ಕು ತೆಗೆದಿಡಿ. ಥರ್ಮಾಕೋಲ್ ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳುವ ವಸ್ತು. ಬಲ್ಬಿಗೂ ಗೋಡೆಗೂ ನಾಲ್ಕು ಇಂಚಾದರೂ ಅಂತರವಿರಬೇಕು, ಹೋಲ್ಡರ್ ಕೂತಿರುವ ಜಾಗಕ್ಕೆ ತಗಡಿನ ತುಂಡು ಕೊಡಬೇಕು, ಬೋರ್ಡಿನ ಹಿಂದೆ ಬರಿಮೈಯಾಗಿರುವ 230 ವೋಲ್ಟ್ ಸ್ಕ್ರೂಗಳಿಗೆ ಮುಚ್ಚಿಗೆ ಇರಬೇಕು. ಈ ಮಷೀನಿನ ದೊಡ್ಡ ಕೊರತೆ ಇದೇ: ಒಳಗೆ ಒದ್ದೆ, ಹೊರಗೆ ತೆರೆದ ವೈರು.

ಇನ್ನೊಂದು ಕೊರತೆಗೆ ಮದ್ದು ಅಗ್ಗವಾಗಿದೆ. ರಿಲೇಯ ಒಳಗಿನ ಸಂಪರ್ಕ ಕೆಲವೊಮ್ಮೆ ಅಂಟಿಕೊಂಡುಬಿಡುತ್ತದೆ. ಆಗ ಬೋರ್ಡು ಆರಿಸಿದೆ ಅಂತ ತೋರಿಸಿದರೂ ಬಲ್ಬು ಉರಿಯುತ್ತಲೇ ಇರುತ್ತದೆ. ಮೊಟ್ಟೆ ತಂಪನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಬಿಸಿಯನ್ನು ತಡೆಯುವುದಿಲ್ಲ. 41 ಡಿಗ್ರಿ ದಾಟಿ ಕೆಲವು ಗಂಟೆ ಕಳೆದರೆ ಇಡೀ ಬ್ಯಾಚ್ ಹೋಯಿತು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಎಸ್‌ಡಿ301 ಅನ್ನುವ ನಾಣ್ಯದಷ್ಟಗಲದ ಥರ್ಮೋಸ್ಟಾಟ್ ಸಿಗುತ್ತದೆ. 40 ಡಿಗ್ರಿಯದ್ದು, ಬಿಸಿಯಾದಾಗ ಕತ್ತರಿಸುವ ಬಗೆಯದ್ದು ಅಂತ ಕೇಳಿ ತಂದು ಬಲ್ಬಿನ ವೈರಿನಲ್ಲೇ ಸಾಲಾಗಿ ಹಾಕಿಸಿ. ಬೋರ್ಡು ಕೆಟ್ಟರೂ ಇದು ಬಲ್ಬನ್ನು ಆರಿಸುತ್ತದೆ.

ಬಯಲುಸೀಮೆಯ ಒಣಗಾಳಿ

ಮಲೆನಾಡಿನವರಿಗೆ ಇಲ್ಲದ ತಲೆನೋವು ನಮಗಿದೆ. ಮಾರ್ಚ್-ಏಪ್ರಿಲ್‌ನಲ್ಲಿ ಪಾವಗಡ, ಶಿರಾ, ಬಾಗೇಪಲ್ಲಿ, ಮುಳಬಾಗಿಲು ಕಡೆ ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಆ ಗಾಳಿಯನ್ನು 37 ಡಿಗ್ರಿಗೆ ಬಿಸಿ ಮಾಡಿ ಮೊಟ್ಟೆಯ ಮೇಲೆ ಬೀಸಿದರೆ ಚಿಪ್ಪಿನ ಸಣ್ಣ ರಂಧ್ರಗಳಿಂದ ನೀರು ಹೀರಿ ಹೋಗುತ್ತದೆ. ಮೊದಲ 18 ದಿನ ಒಳಗಿನ ತೇವಾಂಶ ಶೇ 50ರಿಂದ 55, ಕೊನೆಯ ಮೂರು ದಿನ ಶೇ 65ರಿಂದ 70 ಇರಬೇಕು. ಡಬ್ಬಿಯ ಜೊತೆ ಕೊಡುವ ಅಂಗೈ ಅಗಲದ ನೀರಿನ ಬಟ್ಟಲು ಬೇಸಿಗೆಗೆ ಸಾಲದು. ನೀರು ಎಷ್ಟು ಆಳ ಇದೆ ಅನ್ನುವುದು ಲೆಕ್ಕಕ್ಕಿಲ್ಲ, ಎಷ್ಟು ಅಗಲ ಹರಡಿದೆ ಅನ್ನುವುದೇ ಮುಖ್ಯ. ಅಗಲದ ತಟ್ಟೆ ಇಡಿ, ಅದರಲ್ಲಿ ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ನೆನೆಸಿ ನಿಲ್ಲಿಸಿ. ಜುಲೈ-ಆಗಸ್ಟಿನ ಜಡಿಮಳೆಯಲ್ಲಿ ಅದೇ ತಟ್ಟೆ ಹೆಚ್ಚಾಗುತ್ತದೆ, ಚಿಕ್ಕ ಬಟ್ಟಲಿಗೆ ಬದಲಿಸಬೇಕು.

ಜೊತೆಗೆ ಬರುವ ತೇವಾಂಶ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಗಟ್ಟಿ ಚಟ್ನಿಯ ಹದಕ್ಕೆ ನಾಲ್ಕು ಹನಿ ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಜಿಪ್ ಕವರಿನಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ಶೇ 75 ತೋರಿಸಬೇಕು. 68 ತೋರಿಸಿದರೆ ಮೀಟರು 7 ಕಡಿಮೆ ಹೇಳುತ್ತಿದೆ ಅಂತ ಅರ್ಥ, ಮುಂದೆ ಆ ಲೆಕ್ಕ ಸೇರಿಸಿ ಓದಬೇಕು.

ಶಿಡ್ಲಘಟ್ಟ, ಚಿಂತಾಮಣಿ, ದೇವನಹಳ್ಳಿ ಬಳಿಯ ವಿಜಯಪುರ ಸುತ್ತಿನ ರೇಷ್ಮೆ ಬೆಳೆಗಾರರ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಕರಣ ಆಗಲೇ ಇದೆ. ಹುಳು ಮನೆಯ ಗೋಡೆಗೆ ತೂಗುಹಾಕಿರುವ ಒಣ ಬಲ್ಬು, ಒದ್ದೆ ಬಲ್ಬಿನ ಜೋಡಿ ಥರ್ಮಾಮೀಟರ್ ನೋಡಿ ರೂಢಿ ಇರುವವರಿಗೆ ಮೊಟ್ಟೆಯ ಲೆಕ್ಕ ಸುಲಭ: ಒಣ ಬಲ್ಬು 37.5 ಇದ್ದಾಗ ಒದ್ದೆ ಬಲ್ಬು 29ರ ಹತ್ತಿರ ಇದ್ದರೆ ಮೊದಲ 18 ದಿನಕ್ಕೆ ಸರಿ, 32ರ ಹತ್ತಿರ ಇದ್ದರೆ ಕೊನೆಯ ಮೂರು ದಿನಕ್ಕೆ ಸರಿ. ಹುಳು ಮನೆ ಖಾಲಿ ಇರುವಾಗ ಅಲ್ಲೇ ಇನ್‌ಕ್ಯುಬೇಟರ್ ಇಡೋಣ ಅನಿಸುವುದು ಸಹಜ, ಬಿಸಿಲು ಬೀಳದ, ಕಾವು ಏರಿಳಿಯದ ಕೋಣೆ ಅದು. ಆದರೆ ಚಾಕಿ (ಮರಿಹುಳು ಸಾಕಣೆ) ಮುಂಚೆ ರೋಗಾಣು ಕೊಲ್ಲಲು ಫಾರ್ಮಲಿನ್ ಅಥವಾ ಬ್ಲೀಚಿಂಗ್ ಪುಡಿ ಸಿಂಪಡಿಸುವ ದಿನಗಳಲ್ಲಿ ಮೊಟ್ಟೆ ಅಲ್ಲಿರಬಾರದು. ಉಸಿರಾಡುವ ಜೀವ ಅದರೊಳಗಿದೆ, ಆ ಹೊಗೆ ಚಿಪ್ಪಿನೊಳಕ್ಕೂ ಹೋಗುತ್ತದೆ.

ಎಲ್ಲ ಮೀಟರಿಗಿಂತ ನಂಬಿಕಸ್ಥ ಅಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ. 18 ದಿನದಲ್ಲಿ ಮೊಟ್ಟೆ ತನ್ನ ತೂಕದಲ್ಲಿ ಶೇ 12ರಷ್ಟು ಕಳೆದುಕೊಳ್ಳಬೇಕು. ಹತ್ತು ಮೊಟ್ಟೆ ಆರಿಸಿ, ಗುರುತು ಹಾಕಿ, ಒಟ್ಟಿಗೆ ತೂಗಿ. ಇಡುವ ದಿನ 450 ಗ್ರಾಂ ಇದ್ದರೆ 7ನೇ ದಿನ 429ರ ಆಸುಪಾಸು, 18ನೇ ದಿನ 396ರ ಆಸುಪಾಸು ಇರಬೇಕು. 7ನೇ ದಿನಕ್ಕೇ 420 ಆಗಿದ್ದರೆ ಒಳಗೆ ಒಣಗುತ್ತಿದೆ, ನೀರಿನ ಅಗಲ ಹೆಚ್ಚಿಸಿ. 438 ಇದ್ದರೆ ಒದ್ದೆ ಹೆಚ್ಚಾಗಿದೆ, ತಟ್ಟೆ ಚಿಕ್ಕದು ಮಾಡಿ. ಮೀಟರು ಏನೇ ಹೇಳಲಿ, ತೂಕ ಸರಿ ಇದ್ದರೆ ತೇವ ಸರಿ ಇದೆ.

ಕರೆಂಟು

ತೋಟದ ಮನೆಗಳಿಗೆ ಈ ಮಷೀನು ಕೊಳ್ಳುವ ಮೊದಲು ಯೋಚಿಸಬೇಕಾದ್ದು ಕರೆಂಟಿನ ವಿಷಯ. ಸರಾಸರಿ 40 ವ್ಯಾಟ್ ಎಳೆದರೆ 21 ದಿನಕ್ಕೆ ಸುಮಾರು 20 ಯೂನಿಟ್. ಗೃಹಜ್ಯೋತಿ ಮಿತಿಯ ಅಂಚಿನಲ್ಲಿರುವವರು ಇದನ್ನು ಲೆಕ್ಕ ಹಾಕಿಕೊಳ್ಳಲಿ. ಖರ್ಚು ದೊಡ್ಡದಲ್ಲ, ಹೋದಾಗ ಏನು ಅನ್ನುವುದೇ ಪ್ರಶ್ನೆ. ‘ಬ್ಯಾಟರಿ ಬ್ಯಾಕಪ್ ಇದೆ’ ಅಂತ ಮಾರುವ 12 ವೋಲ್ಟ್ ಮಾಡೆಲ್ಲಿನ ಜೊತೆ 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಕೊಡುತ್ತಾರೆ. 12 ಗುಣಿಸು 7 ಅಂದರೆ 84 ವ್ಯಾಟ್-ಗಂಟೆ, 40 ವ್ಯಾಟಿಗೆ ಹೆಚ್ಚೆಂದರೆ ಎರಡು ಗಂಟೆ, ಬ್ಯಾಟರಿ ಹಳತಾದರೆ ಒಂದೂ ಇಲ್ಲ. ಮಳೆಗಾಲದಲ್ಲಿ ಲೈನ್ ಬಿದ್ದ ರಾತ್ರಿಗೆ ಅದು ಎಲ್ಲಿಗೂ ಸಾಲದು. ಮನೆಯಲ್ಲಿ 150 ಎಎಚ್ ಇನ್ವರ್ಟರ್ ಇದ್ದರೆ 230 ವೋಲ್ಟ್ ಬಲ್ಬಿನ ಮಾಡೆಲ್ಲನ್ನೇ ತೆಗೆದುಕೊಂಡು ಇನ್ವರ್ಟರ್ ಲೈನಿಗೆ ಹಾಕುವುದು ಸರಿಯಾದ ದಾರಿ.

ಏನೂ ಇಲ್ಲದಾಗ ಕರೆಂಟು ಹೋದರೆ ಮುಚ್ಚಳ ತೆಗೆಯಬೇಡಿ. ಮೇಲೆ ಕಂಬಳಿ ಹೊದಿಸಿ, ಗಾಳಿ ತೂತು ಮಾತ್ರ ಬಿಟ್ಟಿರಿ. ಎರಡು ಗಂಟೆ ದಾಟಿದರೆ ಕೈಗೆ ಹಿತವಾದ ಬಿಸಿನೀರನ್ನು ಬಾಟಲಿಗೆ ತುಂಬಿ ಬಟ್ಟೆ ಸುತ್ತಿ ಮೂಲೆಯಲ್ಲಿಡಿ. ಮೊದಲ ವಾರದ ಮೊಟ್ಟೆ ತಂಪನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಕೊನೆಯ ವಾರದ್ದು ತಾನೇ ಕಾವು ಹುಟ್ಟಿಸುತ್ತದೆ, ಆದರೆ ಗಾಳಿ ಹೆಚ್ಚು ಬೇಡುತ್ತದೆ. ಆಗ ತೂತು ಮುಚ್ಚಿದರೆ ಉಸಿರುಕಟ್ಟುತ್ತದೆ. ಮೂರ್ನಾಲ್ಕು ಗಂಟೆ ಕಾವು ತಪ್ಪಿದ ಮಾತ್ರಕ್ಕೆ ಬ್ಯಾಚ್ ಎಸೆಯಬೇಡಿ, ಮರಿ ಕೆಲವು ಗಂಟೆ ತಡವಾಗಿ ಬರಬಹುದು ಅಷ್ಟೆ.

ಜಾಗವೂ ಅಷ್ಟೇ ಮುಖ್ಯ. ಶೀಟ್ ಮನೆಯಲ್ಲಿ ಬೇಸಿಗೆ ಮಧ್ಯಾಹ್ನ 38 ಡಿಗ್ರಿ ಆದರೆ ಈ ಡಬ್ಬಿಗೆ ತಂಪು ಮಾಡುವ ದಾರಿಯೇ ಇಲ್ಲ. ಚಿಕ್ಕಬಳ್ಳಾಪುರದ ಜನವರಿ ರಾತ್ರಿಯಲ್ಲಿ ತದ್ವಿರುದ್ಧ, ಎರಡೂ ಬಲ್ಬು ಸತತ ಉರಿದರೂ ಮೂಲೆಯ ಮೊಟ್ಟೆ ತಣ್ಣಗಿರುತ್ತದೆ. ಮನೆಯ ನಡುವಿನ ಕೋಣೆಯಲ್ಲಿ, ಕಿಟಕಿಯಿಂದ ದೂರ, ಮೇಜಿನ ಮೇಲಿಡಿ. ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಕೊಡಿ, ಇಲ್ಲದಿದ್ದರೆ ಮರಿ ಚಿಪ್ಪು ಒಡೆಯುವ ಹೊತ್ತಿಗೆ ಇರುವೆ ಸಾಲು ಹಿಡಿದಿರುತ್ತದೆ.

ಮೊಟ್ಟೆ

50 ಅಂತ ಬರೆದಿದ್ದರೂ 35ಕ್ಕಿಂತ ಹೆಚ್ಚು ತುಂಬಬೇಡಿ. ಗೋಡೆಗೆ ಒತ್ತಿದ ಮೊಟ್ಟೆಗೂ ನಡುವಿನ ಮೊಟ್ಟೆಗೂ ಕಾವು ಒಂದೇ ಸಮ ಇರುವುದಿಲ್ಲ. ಇಟ್ಟು ಏಳು ದಿನ ದಾಟದ, ಸಾಧಾರಣ ಗಾತ್ರದ, ಬಿರುಕಿಲ್ಲದ ಮೊಟ್ಟೆ ಬೇಕು. ಸೇರಿಸಿಡುವಾಗ ಚೂಪು ತುದಿ ಕೆಳಗೆ, ಮನೆಯ ತಂಪಾದ ಜಾಗದಲ್ಲಿ, ಫ್ರಿಜ್ಜಿನಲ್ಲಿ ಬೇಡ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಪೊರೆ ಹೋಗಿ ಕೊಳೆ ಒಳಗಿಳಿಯುತ್ತದೆ. ತೀರಾ ಕೊಳೆಯಾದ್ದನ್ನು ಅಡುಗೆಗೆ ಹಾಕಿ, ಮಷೀನಿಗಲ್ಲ. ಎಂಟು ಹತ್ತು ಕೋಳಿಗೆ ಒಂದು ಹುಂಜ ಇರಬೇಕು. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಮರಿ ಬರುವುದಿಲ್ಲ, ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ.

ಗಿರಿರಾಜ, ಸ್ವರ್ಣಧಾರ ಸಾಕಿದವರು ಅದರ ಮೊಟ್ಟೆಯನ್ನೇ ಮರಿ ಮಾಡಲು ಹೊರಡುತ್ತಾರೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಈ ತಳಿಗಳು ಮಿಶ್ರತಳಿ. ಮರಿ ಆಗುತ್ತದೆ, ಆದರೆ ತಾಯಿತಂದೆಯ ತೂಕ, ಮೊಟ್ಟೆಯ ಲೆಕ್ಕ ಮರಿಗೆ ಹಾಗೇ ಬರುವುದಿಲ್ಲ, ಒಂದೊಂದು ಒಂದೊಂದು ಥರ. ಅವು ಬೇಕಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಒಂದು ದಿನದ ಮರಿಯನ್ನೇ ತರುವುದು ಸರಿ. ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೂ ಮರಿ ಸಿಗುತ್ತದೆ. ಈ ಮಷೀನು ನಾಟಿ ಮೊಟ್ಟೆಗೆ.

ಕೈಯಲ್ಲಿ ತಿರುಗಿಸುವ ಮಾಡೆಲ್ಲಿಗೆ ಪೆನ್ಸಿಲಿನಲ್ಲಿ ಒಂದು ಕಡೆ ಗುಣಿಸು, ಇನ್ನೊಂದು ಕಡೆ ಸೊನ್ನೆ ಗುರುತು ಹಾಕಿ. ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಬೇಕು. ಬೆಸ ಸಂಖ್ಯೆ ಆದರೆ ದೀರ್ಘವಾದ ರಾತ್ರಿಯ ಹೊತ್ತು ಒಂದು ದಿನ ಒಂದು ಮಗ್ಗುಲು, ಮರುದಿನ ಇನ್ನೊಂದು ಮಗ್ಗುಲು ಆಗುತ್ತದೆ. ತಿರುಗಿಸದಿದ್ದರೆ ಬೆಳೆಯುವ ಪಿಂಡ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ, ಮೊದಲ ವಾರ ಇದು ಬಹಳ ಮುಖ್ಯ. ತಿರುಗಿಸುವಾಗಲೇ ಮೂಲೆಯವನ್ನು ನಡುವಿಗೆ, ನಡುವಿನವನ್ನು ಮೂಲೆಗೆ ಬದಲಿಸಿ. ಎರಡು ಗಂಟೆಗೊಮ್ಮೆ ತಾನೇ ತಿರುಗಿಸುವ ಆಟೋಮ್ಯಾಟಿಕ್ ಮಾಡೆಲ್ಲಿಗೆ ದುಪ್ಪಟ್ಟು ಬೆಲೆ. ಹಗಲು ಮನೆಯಲ್ಲಿ ಯಾರೂ ಇರದವರಿಗೆ ಅದು ಬೇಕೇ ಬೇಕು. ಆದರೆ ರೋಲರ್ ಇರುವ ಬಗೆಯಲ್ಲಿ ಸಂದು ಫಾರಂ ಮೊಟ್ಟೆಯ ಅಳತೆಗೆ ಇರುತ್ತದೆ, ನಮ್ಮ 40-45 ಗ್ರಾಮಿನ ನಾಟಿ ಮೊಟ್ಟೆ ಅದರಲ್ಲಿ ಜಾರಿ ಪೂರ್ತಿ ಹೊರಳುವುದಿಲ್ಲ. ಪೆನ್ಸಿಲ್ ಗುರುತು ಹಾಕಿ ಒಂದು ದಿನ ಗಮನಿಸಿದರೆ ಗೊತ್ತಾಗುತ್ತದೆ.

7ನೇ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚಿಗೆ ಮೊಟ್ಟೆಯ ದಪ್ಪ ತುದಿಯನ್ನು ಒತ್ತಿ ನೋಡಿ. ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ಕವಲೊಡೆದ ಕೆಂಪು ನರಗಳು ಇದ್ದರೆ ಜೀವ ಇದೆ. ಬರೀ ತಿಳಿಯಾಗಿದ್ದರೆ ಫಲ ಕಟ್ಟಿಲ್ಲ. ಒಂದು ಕೆಂಪು ಉಂಗುರ ಮಾತ್ರ ಕಂಡರೆ ಮೊದಲ ದಿನಗಳಲ್ಲೇ ಸತ್ತಿದೆ. ಎರಡನ್ನೂ ತೆಗೆದುಬಿಡಬೇಕು, ಕೊಳೆತು ಒಡೆದರೆ ಉಳಿದದ್ದನ್ನೂ ಕೆಡಿಸುತ್ತದೆ.

18ನೇ ದಿನ ತಿರುಗಿಸುವುದು ನಿಲ್ಲಿಸಿ, ಅಡಿಗೆ ಜಾರದಂಥ ಒರಟು ಬಟ್ಟೆ ಅಥವಾ ರಬ್ಬರ್ ಜಾಲರಿ ಹಾಸಿ, ನೀರು ಹೆಚ್ಚಿಸಿ, ಗಾಳಿ ತೂತು ಪೂರ್ತಿ ತೆರೆದು ಮುಚ್ಚಳ ಹಾಕಿಬಿಡಿ. ಇನ್ನು ತೆಗೆಯುವ ಹಾಗಿಲ್ಲ. ಮೊದಲ ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಬೇಕು. ಆ ಹೊತ್ತಿನಲ್ಲಿ ಅದು ಸುಮ್ಮನೆ ಕೂತಿಲ್ಲ. ಪೊರೆಯ ರಕ್ತನಾಳಗಳು ಬತ್ತುತ್ತಿರುತ್ತವೆ, ಉಳಿದ ಹಳದಿ ಭಾಗ ಹೊಟ್ಟೆಯೊಳಕ್ಕೆ ಹೋಗುತ್ತಿರುತ್ತದೆ. ಅವಸರಕ್ಕೆ ಚಿಪ್ಪು ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ. ಹುಟ್ಟಿದ ಮರಿ ಆ ಹಳದಿ ಭಾಗದ ಬಲದಲ್ಲೇ ಎರಡು ದಿನ ಇರಬಲ್ಲದು, ಪುಕ್ಕ ಒಣಗುವವರೆಗೆ ಒಳಗೇ ಇರಲಿ.

ಆಗದ ಮೊಟ್ಟೆ ಒಡೆದು ನೋಡಿ

22ನೇ ದಿನ ಮುಗಿದ ಮೇಲೆ ಉಳಿದ ಮೊಟ್ಟೆಗಳನ್ನು ಹಾಗೇ ತಿಪ್ಪೆಗೆ ಎಸೆಯುವುದು ದೊಡ್ಡ ನಷ್ಟ. ಹಿತ್ತಲಲ್ಲಿ ಒಂದೊಂದಾಗಿ ಒಡೆದು ನೋಡಿದರೆ ಮಷೀನಿನ ತಪ್ಪು ಯಾವುದು, ಕೋಳಿಯ ತಪ್ಪು ಯಾವುದು ಅಂತ ತಿಳಿಯುತ್ತದೆ. ಪೂರ್ತಿ ಬೆಳೆದ ಮರಿ ಒದ್ದೆಯಾಗಿ, ಗಾಳಿಕೋಶ ಚಿಕ್ಕದಾಗಿ, ಚಿಪ್ಪಿಗೆ ಕೊಕ್ಕನ್ನೇ ತಾಗಿಸದೆ ಸತ್ತಿದ್ದರೆ 18 ದಿನವೂ ತೇವ ಹೆಚ್ಚಾಗಿತ್ತು, ಮರಿಗೆ ಉಸಿರಾಡಲು ಜಾಗ ಸಿಗಲಿಲ್ಲ. ಚಿಪ್ಪಿಗೆ ತೂತು ಮಾಡಿ, ಪೊರೆ ಕಾಗದದಂತೆ ಒಣಗಿ ಮೈಗೆ ಬಿಗಿದುಕೊಂಡಿದ್ದರೆ ಕೊನೆಯ ದಿನಗಳಲ್ಲಿ ಯಾರೋ ಮುಚ್ಚಳ ತೆಗೆದು ತೆಗೆದು ನೋಡಿದ್ದಾರೆ. ನಮ್ಮ ಕಡೆ ಬೇಸಿಗೆಯಲ್ಲಿ ಹೆಚ್ಚಾಗಿ ಕಾಣುವುದು ಇದೇ. 19-20ನೇ ದಿನಕ್ಕೇ ಮರಿ ಬಂದು, ಹೊಕ್ಕುಳು ಸರಿಯಾಗಿ ಮುಚ್ಚದೆ ರಕ್ತ ಒಸರುತ್ತಿದ್ದರೆ ಕಾವು ಹೆಚ್ಚು. ಪಿ-4 ಮತ್ತೆ ನೋಡಿ. ತಡವಾಗಿ, ಮೆತ್ತನೆ ದೊಡ್ಡ ಹೊಟ್ಟೆಯೊಂದಿಗೆ ಬಂದರೆ ಕಾವು ಕಡಿಮೆ. ಕೆಂಪು ಉಂಗುರದವು ಹೆಚ್ಚಿದ್ದರೆ ಮೊಟ್ಟೆ ಹಳತು, ಇಲ್ಲ ಬೈಕಿನಲ್ಲಿ ಕುಲುಕಿ ತಂದ ಕೂಡಲೇ ಇಟ್ಟಿದ್ದು. ದೂರದಿಂದ ತಂದದ್ದನ್ನು ಚೂಪು ತುದಿ ಕೆಳಗಾಗಿ ಅರ್ಧ ದಿನವಾದರೂ ವಿಶ್ರಾಂತಿಗೆ ಬಿಡಬೇಕು. ಕಾಲು ಎರಡೂ ಕಡೆ ಜಾರಿಹೋದ ಮರಿ ನುಣುಪು ನೆಲದ ಫಲ. ಹೊಕ್ಕುಳು ಕಪ್ಪಾಗಿ, ಹೊಟ್ಟೆ ನಾರುತ್ತ ಮೂರ್ನಾಲ್ಕು ದಿನದಲ್ಲಿ ಸತ್ತರೆ ಮೊಟ್ಟೆಯೋ ಡಬ್ಬಿಯೋ ಕೊಳಕಾಗಿತ್ತು.

ಈ ಕೊನೆಯದರಲ್ಲಿ ಥರ್ಮಾಕೋಲಿನ ಪಾಲು ದೊಡ್ಡದು. ಅದರ ಕಾಳುಕಾಳು ಸಂದುಗಳಲ್ಲಿ ಮರಿಯ ಪುಕ್ಕದ ಪುಡಿ, ಒಣಗಿದ ಲೋಳೆ ಕೂತುಬಿಡುತ್ತದೆ. ಹೊಸದಿರುವಾಗಲೇ ಒಳಗೋಡೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಳ್ಳಿ. ಪ್ರತಿ ಬ್ಯಾಚ್ ಆದ ಮೇಲೆ ಸೋಪು ನೀರು, ಆಮೇಲೆ ತೆಳು ಬ್ಲೀಚಿಂಗ್ ನೀರಿನಲ್ಲಿ ಒರೆಸಿ ಎರಡು ದಿನ ಬಿಸಿಲಿಗಿಡಿ. ಪ್ಲಾಸ್ಟಿಕ್ ಮೈಯ ಮಾಡೆಲ್ಲಿಗೆ ಕೊಡುವ ಹೆಚ್ಚಿನ ದುಡ್ಡು ತಿರುಗಿಸುವ ಮೋಟಾರಿಗಿಂತ ಈ ತೊಳೆಯುವ ಸುಲಭಕ್ಕೇ ಹೆಚ್ಚು ಸಾರ್ಥಕ.

ಮರಿ ಬಂದ ಮೇಲೆ

ಕೆಲವು ಅಂಗಡಿಯವರು ಇದರ ಜೊತೆ ಹುಟ್ಟಿದ ಮರಿಗೆ ಕಾವು ಕೊಡಲು ‘ಬ್ರೂಡರ್ ಕಿಟ್’ ಅಂತ ಒಂದು ಬಲ್ಬು, ಹೋಲ್ಡರ್, ನೀರಿನ ಡಬ್ಬಿ ಸೇರಿಸಿ ಮಾರುತ್ತಾರೆ. ಬೇಡ. ಬಿಡಿಯಾಗಿ ಕೊಂಡರೆ ಅಗ್ಗ. ಒಂದೂವರೆ ಅಡಿ ಎತ್ತರದ ರಟ್ಟನ್ನೋ ತಗಡನ್ನೋ ಮೂರ್ನಾಲ್ಕು ಅಡಿ ಅಗಲದ ಸುತ್ತು ಮಾಡಿ. ಮೂಲೆ ಇದ್ದರೆ ಮರಿಗಳು ಒಂದರ ಮೇಲೊಂದು ಬಿದ್ದು ಸಾಯುತ್ತವೆ, ಅದಕ್ಕೇ ಸುತ್ತು. ಅಡಿಗೆ ಎರಡು ಇಂಚು ಭತ್ತದ ಹೊಟ್ಟು. ತಿಪಟೂರು ಕಡೆಯವರಿಗೆ ಚೆನ್ನಾಗಿ ಒಣಗಿದ ತೆಂಗಿನ ನಾರಿನ ಪುಡಿಯೂ ಆದೀತು. ಪಾವಗಡದ ಕಡಲೆಕಾಯಿ ಸಿಪ್ಪೆ ಸಿಗುತ್ತದೆ ಅಂತ ಹಾಕುವುದಾದರೆ ಬೂಷ್ಟು ಹಿಡಿದಿಲ್ಲ ಅಂತ ಮೂಸಿ ನೋಡಿ, ಬೂಷ್ಟು ಮರಿಯ ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿಗೆ 2 ವ್ಯಾಟ್ ಲೆಕ್ಕದಲ್ಲಿ ಬಲ್ಬು. ಮೊದಲ ವಾರ 33-35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬನ್ನಿ. ಬಲ್ಬಿನ ಕೆಳಗೆ ಗುಂಪಾಗಿ ಕಿರುಚುತ್ತಿದ್ದರೆ ಚಳಿ, ಅಂಚಿಗೆ ಹೋಗಿ ಬಾಯಿ ತೆರೆದಿದ್ದರೆ ಸೆಕೆ.

ಮೊದಲ ದಿನ ಮೆಕ್ಕೆಜೋಳದ ನುಚ್ಚು, ಎರಡನೇ ದಿನದಿಂದ ಶೇ 20 ಪ್ರೋಟೀನ್ ಇರುವ ಸ್ಟಾರ್ಟರ್ ಫೀಡು. ಬರೀ ರಾಗಿ, ಅಕ್ಕಿ ನುಚ್ಚಿನಲ್ಲಿ ಮರಿ ಬದುಕುತ್ತದೆ, ಬೆಳೆಯುವುದಿಲ್ಲ. ಗೆದ್ದಲು ಸಿಕ್ಕರೆ ಹಾಕಿ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ಗಳಲ್ಲಿ ಸಿಗುವ ರೇಷ್ಮೆ ಪ್ಯೂಪಾ (ಗೂಡಿನೊಳಗಿನ ಹುಳು) ಒಳ್ಳೆಯ ಪ್ರೋಟೀನು, ಆದರೆ ಹಸಿಯಾಗಿ ಹಾಕಬೇಡಿ. ಚೆನ್ನಾಗಿ ಒಣಗಿಸಿ ಪುಡಿ ಮಾಡಿ ಫೀಡಿನ ನೂರಕ್ಕೆ ಐದರಷ್ಟು ಬೆರೆಸಬಹುದು. ಮಾರುವ ವಯಸ್ಸಿನ ಕೋಳಿಗೆ ನಿಲ್ಲಿಸಿಬಿಡಿ, ಮಾಂಸಕ್ಕೆ ವಾಸನೆ ಬರುತ್ತದೆ.

ಮಷೀನಿನ ಮರಿಗೂ ಕೊಕ್ಕರೆ ರೋಗದ ಲಸಿಕೆ ಬೇಕೇ ಬೇಕು: 5-7ನೇ ದಿನ ಲಸೋಟಾ ಅನ್ನುವ ಲಸಿಕೆ ಒಂದು ಹನಿ ಕಣ್ಣಿಗೆ ಅಥವಾ ಮೂಗಿಗೆ, 14ನೇ ದಿನ ಗಂಬೋರೋ ಅನ್ನುವ ಇನ್ನೊಂದು ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟಾ, ಎಂಟು ವಾರ ತುಂಬಿದ ಮೇಲೆ ಆರ್‌2ಬಿ ಚುಚ್ಚುಮದ್ದು. ಸೀಸೆ 100 ಮರಿಯ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಐಸ್ ಇಲ್ಲದೆ ತಂದರೆ ಕೆಲಸ ಮಾಡುವುದಿಲ್ಲ. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಒಂದೇ ವಾರ ಮೊಟ್ಟೆ ಇಟ್ಟರೆ ಸೀಸೆ ಹಂಚಿಕೊಳ್ಳಬಹುದು. ಮೂರರಿಂದ ಐದನೇ ವಾರದಲ್ಲಿ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ; ನೀರಿನ ಡಬ್ಬಿಯ ಸುತ್ತ ಒದ್ದೆಯಾದ ಹೊಟ್ಟು ತೆಗೆದು, ಅದೇ ದಿನ ಪಶು ಆಸ್ಪತ್ರೆಯಲ್ಲಿ ಆಂಪ್ರೋಲಿಯಮ್ ಔಷಧದ ಪ್ರಮಾಣ ಕೇಳಿಕೊಂಡು ನೀರಿಗೆ ಹಾಕಿ.

ಬಲ್ಬಿನ ಗೋಜೇ ಬೇಡ ಅನ್ನುವವರಿಗೆ ಒಂದು ಉಪಾಯ ಇದೆ. ಮಷೀನಿನಲ್ಲಿ ಮೊಟ್ಟೆ ಇಡುವ ಹೊತ್ತಿಗೇ ಕಾವಿಗೆ ಕೂತ ಒಂದು ಕೋಳಿಗೆ ನಾಲ್ಕು ಮೊಟ್ಟೆ ಇಟ್ಟು ಕೂರಿಸಿ. ಎರಡೂ ಕಡೆ ಮರಿ ಆದ ರಾತ್ರಿ, ಕತ್ತಲೆಯಲ್ಲಿ, ಮಷೀನಿನ ಹತ್ತು ಮರಿಯನ್ನು ಮೆಲ್ಲಗೆ ಅದರ ರೆಕ್ಕೆಯಡಿ ಬಿಟ್ಟರೆ ಬೆಳಗ್ಗೆ ತನ್ನದೇ ಅಂತ ಕರೆದುಕೊಂಡು ಹೋಗುತ್ತದೆ. ಮರಿಗೆ ಮೂರು ದಿನ ದಾಟಿದ್ದರೆ ಆಗದು.

ಕೊಳ್ಳುವಾಗ ಅಂಗಡಿಯಲ್ಲೇ ಪ್ಲಗ್ ಹಾಕಿಸಿ ಅರ್ಧ ಗಂಟೆ ನಿಲ್ಲಿ. ಬಲ್ಬು ಆರಿದ ಮೇಲೆ ತಾಪಮಾನ ಎಷ್ಟು ಮುಂದಕ್ಕೆ ಓಡುತ್ತದೆ ನೋಡಿ. ಅರ್ಧ ಡಿಗ್ರಿ ದಾಟಿದರೆ ಬಲ್ಬು ಬದಲಿಸಿ ಕೊಡಲು ಕೇಳಿ. ಮುಚ್ಚಳದ ಸುತ್ತ ಬೆರಳಾಡಿಸಿ, ಬಿಸಿಗಾಳಿ ಸೋರುತ್ತಿದ್ದರೆ ಬೇರೆ ಡಬ್ಬಿ ತೆಗೆಸಿ. ಬೋರ್ಡು, ಫ್ಯಾನು, ಅಡಾಪ್ಟರು ಮೂರೂ ಬಿಡಿಯಾಗಿ ಸಿಗುತ್ತವೆ, ಯಾವ ಊರಿನ ಎಲೆಕ್ಟ್ರಾನಿಕ್ಸ್ ರಿಪೇರಿಯವರೂ ಜೋಡಿಸಿಕೊಡುತ್ತಾರೆ, ಈ ಅಗ್ಗದ ಮಷೀನಿನ ದೊಡ್ಡ ಗುಣ ಅದು. ಒಂದು ಬೋರ್ಡು, ಒಂದು ಫ್ಯಾನು ಹೆಚ್ಚಿಗೆ ತಂದಿಟ್ಟುಕೊಳ್ಳಿ. ವೈರು ಯಾವುದು ಎಲ್ಲಿಗೆ ಹೋಗಿದೆ ಅಂತ ಮೊದಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟಿರಿ. ಹೊಸ ಬೋರ್ಡು ಹಾಕಿದ ಮೇಲೆ ಪಿ-0, ಪಿ-1, ಪಿ-4 ಮೂರನ್ನೂ ಮತ್ತೆ ಮೊದಲಿನಿಂದ ಹೊಂದಿಸಬೇಕು.